ತೊಳೆದಿಟ್ಟ ಗೇರ್‌ಬಾಕ್ಸು

ಆಗುವುದೇ ಇಲ್ಲ ಎಂದು ಖಾತ್ರಿಯಿದ್ದ ಸಂಗತಿಗಳಲ್ಲಿ ಅಪ್ಪ ಬಹಳ ಧಾರಾಳವಾಗಿ ಮಾತು ಕೊಡುತ್ತಿದ್ದರು. ಆಂಟಾಪ್ ಹಿಲ್ಲಿನಲ್ಲಿ, ಸರ್ಕಾರಿ ಕ್ವಾರ್ಟರ್ಸುಗಳ ಸಾಲು ಮುಗಿಯುವಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲು. ಅಡುಗೆಯ ಭಟ್ಟರು ಒಲೆಯ ಝಳಕ್ಕೆ ಬೆಂದು, ಅಡುಗೆಮನೆಗೊಂದು ಫ್ಯಾನು ಹಾಕಿಸಿ ಎಂದು ವರ್ಷಗಟ್ಟಲೆ ಗೋಗರೆದಾಗ ಅಪ್ಪ, "ಎದುರಿನ ಇರಾನಿ ಬಾಗಿಲು ಹಾಕಲಿ, ಮರುದಿನವೇ ಹಾಕಿಸ್ತೇನೆ" ಎಂದಿದ್ದರು. ಎದುರಿನ ಇರಾನಿ ಹೋಟೆಲು ಇನ್ನೂ ಎರಡು ತಲೆಮಾರು ಅಲ್ಲಾಡುವುದಿಲ್ಲ ಎಂಬ ಧೈರ್ಯ ಅವರಿಗೆ. ಆರೇ ತಿಂಗಳಲ್ಲಿ ಅದರ ಮಾಲೀಕರು ಅಂಗಡಿ ಮುಚ್ಚಿ ಮಗನ ಜೊತೆ ಪುಣೆಗೆ ಹೊರಟುಹೋದರು. ಮರುದಿನ ಬೆಳಿಗ್ಗೆ ಭಟ್ಟರು ಒಲೆ ಹಚ್ಚಲಿಲ್ಲ. ಗಲ್ಲಾದ ಎದುರು ಕೈಕಟ್ಟಿ ನಿಂತರು. ಸಂಜೆಗೆ ಫ್ಯಾನು ಬಂತು. ಕೊಟ್ಟ ಮಾತಿಗೆ ತಪ್ಪಿದರೆ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ಯೋಚಿಸದೆ ಕೊಡುವುದೊಂದೇ ಅವರ ತೊಂದರೆ.

ನನಗೆ ಅವರು ಕೊಟ್ಟದ್ದು ಮೋಟಾರ್ ಸೈಕಲ್ಲಿನ ಮಾತು.

ಅದು ಯುದ್ಧದ ಕಾಲದ ಇಂಗ್ಲಿಷ್ ಗಾಡಿ. ಮಿಲಿಟರಿಯವರು ಹರಾಜು ಹಾಕಿದ್ದನ್ನು ಅಪ್ಪ ನಾನು ಹುಟ್ಟುವ ಮೊದಲೇ ತಂದಿದ್ದರು. ಬೆಳಗಿನ ಜಾವ ದಾದರಿನ ಮಾರ್ಕೆಟ್ಟಿಗೆ ಹೋಗಿ ಎರಡೂ ಬದಿಗೆ ತರಕಾರಿಯ ಚೀಲ ನೇತುಹಾಕಿಕೊಂಡು ಬರುತ್ತಿದ್ದರು. ನನಗೆ ಆರು ವರ್ಷವಾದಾಗಿನಿಂದ ನನ್ನನ್ನೂ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುವುದು ಶುರುವಾಯಿತು. ಕ್ಲಚ್ಚಿನ ಹಿಡಿ ನನ್ನ ಪಾಲಿಗೆ. ಅಪ್ಪ ಕಿವಿಯ ಹತ್ತಿರ "ಹಿಡಿ" ಎನ್ನುತ್ತಿದ್ದರು, ನಾನು ಎರಡೂ ಕೈಯಿಂದ ಹಲ್ಲು ಕಚ್ಚಿ ಒತ್ತುತ್ತಿದ್ದೆ. ಅವರು ಬಲಗಾಲಿನಿಂದ ಗೇರು ಹಾಕಿ "ಬಿಡು" ಎಂದಾಗ ಮೆಲ್ಲಗೆ ಬಿಡುತ್ತಿದ್ದೆ. ಗಾಡಿ ಮುಂದೆ ಹೋಗುವುದು ನನ್ನಿಂದಲೇ ಎಂದು ನಾನು ನಂಬಿದ್ದೆ. ಆ ನಂಬಿಕೆಯಲ್ಲಿ ಅರ್ಧದಷ್ಟು ನಿಜವೂ ಇತ್ತು.

ಹನ್ನೆರಡು ತುಂಬಿದ ವರ್ಷ ಒಂದು ದಿನ ಎಂದಿನಂತೆ ಟ್ಯಾಂಕಿನ ಹತ್ತಿರ ಹೋಗಿ ನಿಂತೆ. ಅಪ್ಪ ನನ್ನನ್ನು ಎತ್ತಲಿಲ್ಲ. "ಇನ್ನು ಸಾಕು, ದೊಡ್ಡವಳಾದೆ" ಎಂದು ಒಬ್ಬರೇ ಹೋದರು. ಅವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ದೊಡ್ಡವಳಾದ ಮೇಲೆ ಕೈ ಉದ್ದ ಆಗುತ್ತದೆ, ಒಂದೇ ಕೈಯಲ್ಲಿ ಕ್ಲಚ್ಚು ಹಿಡಿಯಬಹುದು, ಆಗ ಬೇಡ ಅನ್ನುವುದು ಎಂಥ ನ್ಯಾಯ ಎಂದು ಅಮ್ಮನ ಹತ್ತಿರ ಜಗಳವಾಡಿದೆ. ಅಮ್ಮ ತೆಂಗಿನಕಾಯಿ ತುರಿಯುತ್ತಾ, "ನಿನ್ನ ಅಪ್ಪನನ್ನೇ ಕೇಳು" ಎಂದಳು. ನಾನು ಕೇಳಲಿಲ್ಲ. ಆ ಸಿಟ್ಟನ್ನು ಮಡಚಿ ಇಟ್ಟುಕೊಂಡೆ, ಏಳು ವರ್ಷ.

ಆ ಏಳು ವರ್ಷಗಳಲ್ಲಿ ಗಾಡಿಯೂ ಕೆಟ್ಟಿತು. ಅದರ ಸೆಕೆಂಡ್ ಗೇರು ಮೊದಲಿನಿಂದಲೂ ನಿಲ್ಲುತ್ತಿರಲಿಲ್ಲ, ಹಾರಿ ನ್ಯೂಟ್ರಲ್ಲಿಗೆ ಬೀಳುತ್ತಿತ್ತು. ಅಪ್ಪ ಚಪ್ಪಲಿಯ ತುದಿಯಿಂದ ಲಿವರನ್ನು ಒತ್ತಿ ಹಿಡಿದೇ ಓಡಿಸುತ್ತಿದ್ದರು. ಅವರ ಬಲಗಾಲಿನ ಚಪ್ಪಲಿ ಯಾವಾಗಲೂ ಎಡಗಾಲಿನದಕ್ಕಿಂತ ಮೊದಲೇ ಹರಿಯುತ್ತಿತ್ತು. ಕೊನೆಗೆ ಕ್ಲಚ್ಚೂ ಜಾರತೊಡಗಿ, ಒಂದು ದಿನ ಗೇರ್‌ಬಾಕ್ಸು ಕರಕರ ಎಂದು ಸೀದಾ ಕಚ್ಚಿಕೊಂಡಿತು. ಗಾಡಿ ಹೋಟೆಲಿನ ಹಿತ್ತಲು ಸೇರಿತು. ಮುಸುರೆ ತಿಕ್ಕುವ ಅಜ್ಜ ಅದರ ಹ್ಯಾಂಡಲ್ಲಿನ ಮೇಲೆ ತೊಳೆದ ಬಟ್ಟೆ ಹರವತೊಡಗಿದರು.

ನಾನು ಮಾಟುಂಗಾದ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಸಂಜೆ ಗಲ್ಲಾದಲ್ಲಿ ಕೂರುತ್ತಿದ್ದೆ. ಆಗ ಅಪ್ಪನಿಗೆ ಮೋಟಾರಿನ ರುಬ್ಬುವ ಕಲ್ಲು ತರುವ ಹುಕಿ ಬಂತು. ಅದನ್ನು ಇಡಲು ಹಿತ್ತಲು ಖಾಲಿಯಾಗಬೇಕು. ಮೂರು ವಾರ ಬಿಟ್ಟು ಭಾನುವಾರ ಬಂದು ಗಾಡಿಯನ್ನು ಹೊತ್ತುಕೊಂಡು ಹೋಗಲು ಭಂಗಾರದವನಿಗೆ, ಎಂದರೆ ಗುಜರಿಯವನಿಗೆ, ಹೇಳಿಯೂ ಬಿಟ್ಟರು. ನಾನು ಗಲ್ಲಾದಿಂದ ಎದ್ದು ನಿಂತು, "ಅದನ್ನು ಕೊಡಬೇಡಿ. ನಾನು ಓಡಿಸ್ತೇನೆ" ಎಂದೆ.

ಹೋಟೆಲಿನಲ್ಲಿದ್ದವರೆಲ್ಲ ನಕ್ಕರು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕು, "ಆಯ್ತು ಮಾರಾಯ್ತಿ. ಅದರ ಗೇರ್‌ಬಾಕ್ಸು ಮತ್ತೆ ತಿರುಗಿದರೆ ನೀನೇ ಓಡಿಸು, ನಾನು ಹಿಂದೆ ಕೂರ್ತೇನೆ. ಆ ಭಾನುವಾರದ ಒಳಗೆ ಆಗ್ಬೇಕು, ಆಯ್ತಾ?" ಎಂದರು. ಒಳಗೆ ಫ್ಯಾನಿನ ಕೆಳಗೆ ನಿಂತಿದ್ದ ಭಟ್ಟರು ಬಾಗಿಲಿಗೆ ಬಂದು ನನ್ನ ಕಡೆ ನೋಡಿ ತಲೆ ಆಡಿಸಿದರು. ನನಗೆ ಅಷ್ಟು ಸಾಕಾಯಿತು.

ಮಿಸ್ತ್ರಿ ನನಗೆ ಗಲ್ಲಾದಲ್ಲೇ ಸಿಕ್ಕಿದರು. ವಿಜಾಪುರದ ಕಡೆಯವರು. ಧಾರಾವಿಯಲ್ಲಿ ಒಂದು ತಗಡಿನ ಶೀಟಿನ ಕೆಳಗೆ ಅವರ ರಿಪೇರಿ ಅಂಗಡಿ. ಶುಕ್ರವಾರದ ನಮಾಜಿಗೆ ನಮ್ಮ ಹಿಂದಿನ ಗಲ್ಲಿಯ ಮಸೀದಿಗೆ ಬರುತ್ತಿದ್ದರು, ಮುಗಿಸಿ ನಮ್ಮಲ್ಲಿ ಮೊಸರು ವಡೆ ತಿಂದು ಹೋಗುತ್ತಿದ್ದರು. ಮನೆಯಲ್ಲಿ ದಖ್ಖನಿ, ಅಂಗಡಿಯಲ್ಲಿ ಹಿಂದಿ, ನಮ್ಮ ಹೋಟೆಲಿಗೆ ಬಂದರೆ ಮಾತ್ರ ಕನ್ನಡ. ನಾನು ಗಾಡಿಯ ಸುದ್ದಿ ಎತ್ತಿದೊಡನೆ ಅರ್ಧ ವಡೆ ಬಿಟ್ಟು ಹಿತ್ತಲಿಗೆ ನಡೆದರು. ಅಜ್ಜನ ಬಟ್ಟೆಗಳನ್ನು ಸರಿಸಿ, ಕಿಕ್ಕರನ್ನು ಕೈಯಲ್ಲೇ ಒಮ್ಮೆ ಒತ್ತಿ ನೋಡಿದರು.

"ಇದು ಸತ್ತಿಲ್ಲ ಬೇಟಿ, ಮಲಕೊಂಡೈತಿ. ಇಂಥಾ ಗಾಡಿ ಬಿಚ್ಚಿ ಬಿಚ್ಚೇ ನಾನು ಕೆಲಸ ಕಲ್ತದ್ದು. ಆದ್ರ ಹೊರಗ ಒಯ್ಯಾಕ ಬರಂಗಿಲ್ಲ. ಇಲ್ಲೇ ಬಿಚ್ಚತೀನಿ."

ಮೊದಲು ಕ್ಲಚ್ಚು. ಆ ಕಾಲದ ಇಂಗ್ಲಿಷ್ ಗಾಡಿಗಳ ಕ್ಲಚ್ ಪ್ಲೇಟುಗಳಲ್ಲಿ ಸುತ್ತಲೂ ತೂತುಗಳಿರುತ್ತವೆ, ಪ್ರತಿ ತೂತಿಗೂ ಒಂದೊಂದು ಬೂಚು ಬಡಿದಿರುತ್ತಾರೆ. ಸೀಸೆಯ ಬಾಯಿಗೆ ಹಾಕುವ ಬೆಂಡಿನ ಬೂಚೇ, ಬೇರೇನೂ ಅಲ್ಲ. ನಮ್ಮ ಗಾಡಿಯ ಬೂಚುಗಳು ಸುಟ್ಟು ಕರಿಯ ಮೆಣಸಿನಷ್ಟಾಗಿದ್ದವು. ಅವುಗಳ ಹೊಸ ಸೆಟ್ಟು ಎಲ್ಲೂ ಸಿಗುವುದಿಲ್ಲವೆಂದು ಮಿಸ್ತ್ರಿ ಹೇಳಿದ ಮೇಲೆ ನಾನು ಬೂಚಿನ ಬೇಟೆಗೆ ಇಳಿದೆ. ಕ್ವಾರ್ಟರ್ಸಿನ ಹೆಂಗಸರಿಂದ ಫಿನಾಯಿಲ್ ಸೀಸೆಯದು, ದವಾಖಾನೆಯ ಕಂಪೌಂಡರರಿಂದ ಮಿಕ್ಸ್ಚರ್ ಬಾಟಲಿಯದು, ಭಟ್ಟರ ಡಬ್ಬಿಯಿಂದ ಗುಲಾಬಿ ನೀರಿನದು. ಕಾಲೇಜಿನ ಲ್ಯಾಬಿನಿಂದಲೂ ನಾಲ್ಕಾರು ಬಂದವು. ಹೇಗೆ ಬಂದವು ಎಂದು ಈಗ ಹೇಳಬೇಕಾಗಿಲ್ಲ.

ಬಡಿಯುವ ಮೊದಲು ಬೂಚು ಮೆತ್ತಗಾಗಬೇಕು. "ಹಬಿಯೊಳಗ ಇಡಬೇಕು ಬೇಟಿ" ಎಂದರು ಮಿಸ್ತ್ರಿ. ಹಬೆಗೆ ನಮ್ಮಲ್ಲಿ ಬರವೇ? ಇಡ್ಲಿ ಬೇಯಿಸುವ ಪಾತ್ರೆ, ನಮ್ಮ ಭಾಷೆಯಲ್ಲಿ ಅಟ್ಟ, ಮಧ್ಯಾಹ್ನ ಖಾಲಿಯಿರುತ್ತಿತ್ತು. ಭಟ್ಟರು ಒಳ್ಳೆಯ ಅಟ್ಟ ಮುಟ್ಟಗೊಡಲಿಲ್ಲ. ನಗ್ಗಿಹೋದ ಹಳೆಯದೊಂದನ್ನು ಕೊಟ್ಟು, ತಾವೇ ಹತ್ತಿರ ನಿಂತು, ಇಡ್ಲಿಗೆ ಚುಚ್ಚುವ ಹಾಗೆ ಕಡ್ಡಿ ಚುಚ್ಚಿ ನೋಡಿ "ಬೆಂದಿತು, ತೆಗಿ" ಎಂದು ತೀರ್ಪು ಕೊಟ್ಟರು. ಬಿಸಿಬಿಸಿ ಬೂಚನ್ನು ನಾನೂ ಮಿಸ್ತ್ರಿಯೂ ತೂತಿಗೆ ಬಡಿದು, ಮರುದಿನ ಕಲ್ಲಿನ ಮೇಲೆ ಉಜ್ಜಿ ಸಮ ಮಾಡಿದೆವು. ಅಪ್ಪ ಗಲ್ಲಾದಿಂದಲೇ, "ಇವತ್ತು ಬೂಚಿಗೆ ಚಟ್ನಿಯೋ ಸಾಂಬಾರೋ?" ಎಂದು ಕೂಗಿದರು. ಆಗ ಅವರಿಗಿನ್ನೂ ಧೈರ್ಯವಿತ್ತು.

ಗೇರ್‌ಬಾಕ್ಸು ಬಿಚ್ಚಿದ್ದು ಕೊನೆಯ ಶುಕ್ರವಾರ. ಮಿಸ್ತ್ರಿಗೆ ಓದಲು ಬರುತ್ತಿರಲಿಲ್ಲ, ಆದರೆ ಅವರದೊಂದು ಕಟ್ಟುನಿಟ್ಟಾದ ಪದ್ಧತಿಯಿತ್ತು. ನೆಲದ ಮೇಲೆ ಹಳೆಯ ಪೇಪರು ಹಾಸಿ, ಶಾಫ್ಟಿನಿಂದ ಬಿಚ್ಚಿದ ಒಂದೊಂದು ಸಾಮಾನನ್ನೂ ಬಿಚ್ಚಿದ ಸಾಲಿನಲ್ಲೇ ಇಡುತ್ತಾ ಹೋಗುತ್ತಿದ್ದರು. ದೊಡ್ಡ ಹಲ್ಲಿನ ಚಕ್ರ, ಅದರ ಪಕ್ಕ ತೆಳು ವಾಷರು, ಅದರ ಪಕ್ಕ ಬಳೆ, ಹೀಗೆ. ಆ ಪೇಪರೇ ಅವರ ಪುಸ್ತಕ. ನಮ್ಮ ಗಾಡಿಗಂತೂ ಆ ಸಾಲು ಬಹಳ ಮುಖ್ಯವಾಗಿತ್ತು. ಯಾಕೆಂದರೆ ಇಪ್ಪತ್ತು ವರ್ಷದಲ್ಲಿ ಅದನ್ನು ಬಿಚ್ಚಿದ ಒಬ್ಬೊಬ್ಬ ಮಿಸ್ತ್ರಿಯೂ ತನಗೆ ತೋಚಿದ ಕಡೆ ತನ್ನದೊಂದು ವಾಷರು ತುರುಕಿದ್ದ. ಸೆಕೆಂಡ್ ಗೇರು ಹಾರುವುದಕ್ಕೆ ಕಾರಣವಾದ ಸವೆದ ಚಕ್ರವೂ ಅದನ್ನು ಜರುಗಿಸುವ ಸೊಟ್ಟಗಾದ ಫೋರ್ಕೂ ಸಿಕ್ಕವು. ಅವುಗಳ ಬದಲಿಗೆ ಕುರ್ಲಾದ ಭಂಗಾರದಿಂದ ಮೊದಲೇ ಅಂದಾಜು ಮಾಡಿ ಆರಿಸಿ ತಂದಿದ್ದನ್ನು ಮಿಸ್ತ್ರಿ ಅದೇ ಜಾಗದಲ್ಲಿಟ್ಟರು. "ಯಾರೂ ಕೈ ಹಚ್ಚಬ್ಯಾಡ್ರಿ" ಎಂದು ಎಲ್ಲರಿಗೂ ಹೇಳಿ, ಕೈ ತೊಳೆದು, ಟೋಪಿ ಹಾಕಿಕೊಂಡು ನಮಾಜಿಗೆ ಹೋದರು. ನಾನು ಗಲ್ಲಾಕ್ಕೆ ಹೋದೆ.

ಎಲ್ಲರಿಗೂ ಹೇಳಿದ್ದರು ನಿಜ. ಅಜ್ಜ ಮಾತ್ರ ಆಗ ರೇಷನ್ನಿನ ಕ್ಯೂನಲ್ಲಿದ್ದರು.

ಈ ಅಜ್ಜನ ಬಗ್ಗೆ ಒಂದು ಮಾತು ಹೇಳಬೇಕು. ಕುಂದಾಪುರದ ಕಡೆಯವರು, ಅಪ್ಪನಿಗಿಂತ ಹಿರಿಯರು, ಹೋಟೆಲು ಶುರುವಾದಾಗಿನಿಂದ ಪಾತ್ರೆ ಅವರದೇ. ಜಿಡ್ಡು ಕಂಡರೆ ಅವರಿಗೆ ತಡೆಯುವುದಿಲ್ಲ. ಗಿರಾಕಿಯ ಕೈಯಿಂದ ಅರ್ಧ ಕುಡಿದ ಲೋಟ ಕಸಿದು ತೊಳೆದವರು ಅವರು. ರೇಷನ್ನಿನಿಂದ ಬಂದು ನೋಡುತ್ತಾರೆ, ತಾನು ಪಾತ್ರೆ ತೊಳೆಯುವ ಕಟ್ಟೆಯ ಪಕ್ಕದಲ್ಲೇ ಕಪ್ಪು ಎಣ್ಣೆ ಮೆತ್ತಿದ ಸಾಮಾನಿನ ರಾಶಿ. ಮಧ್ಯಾಹ್ನದ ಊಟದ ತಟ್ಟೆಗಳೂ ಬಂದು ಬಿದ್ದಿದ್ದವು. ಅಜ್ಜ ಎರಡನ್ನೂ ಒಟ್ಟಿಗೇ ತೊಳೆದರು. ಹುಣಸೆಹಣ್ಣು, ಬೂದಿ, ತೆಂಗಿನ ನಾರು, ಆಮೇಲೆ ಸೋಡಾ ಹಾಕಿದ ಬಿಸಿನೀರು. ಒರೆಸಿ, ನಮ್ಮ ಹೋಟೆಲಿನ ನಿಯಮದಂತೆ ಅಳತೆ ನೋಡಿ ಪೇರಿಸಿದರು. ದೊಡ್ಡದು ಕೆಳಗೆ, ಸಣ್ಣದು ಮೇಲೆ. ಚಿಲ್ಲರೆ ವಾಷರುಗಳೆಲ್ಲ ಒಂದು ಚಟ್ನಿ ಬಟ್ಟಲಿಗೆ. ಎಣ್ಣೆಯಾದ ಪೇಪರು ಒಲೆಗೆ.

ಮಿಸ್ತ್ರಿ ವಾಪಸು ಬಂದಾಗ ಗೇರುಗಳು ಗೋಪುರದಂತೆ ಬೆಳ್ಳಗೆ ಹೊಳೆಯುತ್ತಿದ್ದವು. ಅಜ್ಜ ಪಕ್ಕದಲ್ಲಿ ನಿಂತು ಶಹಬ್ಬಾಸ್‌ಗಿರಿಗೆ ಕಾಯುತ್ತಿದ್ದರು. ಮಿಸ್ತ್ರಿ ಬೈಯಲಿಲ್ಲ. ಕಟ್ಟೆಯ ಮೇಲೆ ಕುಳಿತರು, ಟೋಪಿ ತೆಗೆದು ಮಡಚಿ ಜೇಬಿಗಿಟ್ಟರು.

"ನನ್ನ ಜಿಂದಗ್ಯಾಗ ಯಾರೂ ನನ್ನ ಸಾಮಾನು ಇಷ್ಟು ಚಲೋ ತಿಕ್ಕಿಲ್ಲ ನೋಡ್ರಿ" ಎಂದು ಅಜ್ಜನಿಗೆ ಹೇಳಿ, ಆಮೇಲೆ ತಲೆಯ ಮೇಲೆ ಕೈ ಹೊತ್ತುಕೊಂಡರು.

ಸಂಜೆಯವರೆಗೂ ಹಾಗೂ ಹೀಗೂ ಜೋಡಿಸಿ ನೋಡಿದರು. ಚಕ್ರಗಳು ಎಲ್ಲಿಗೆ ಯಾವುದು ಎಂದು ಅವರಿಗೆ ಗೊತ್ತಿತ್ತು. ವಾಷರು, ಬಳೆಗಳ ಲೆಕ್ಕವೇ ಹತ್ತಲಿಲ್ಲ. ಒಂದು ಸಲ ಮುಚ್ಚಳ ಕೂರಲಿಲ್ಲ, ಇನ್ನೊಂದು ಸಲ ಕೂತಿತು, ಶಾಫ್ಟು ತಿರುಗಲಿಲ್ಲ. ಅಪ್ಪ ಹಿತ್ತಲಿಗೆ ಬಂದು, ಬಹಳ ಬೇಸರವಾದವರ ಮುಖ ಮಾಡಿಕೊಂಡು, "ಹೋಗ್ಲಿ ಬಿಡಿ ಸಾಯ್ಬ್ರೆ. ನೀವು ಪ್ರಯತ್ನ ಮಾಡಿದ್ದೀರಿ. ಅದರ ಆಯುಷ್ಯ ಇಷ್ಟೇ" ಎಂದರು. ಅವರ ಮೀಸೆಯ ಕೆಳಗಿನ ಸಮಾಧಾನ ನನಗೆ ಕಾಣಿಸದೆ ಇರಲಿಲ್ಲ. ನಾನು ಮಾಳಿಗೆಯ ಏಣಿಯ ಮೇಲೆ ಕೂತು ಅತ್ತೆ. ಭಾನುವಾರ ಭಂಗಾರದವನು ಬರುತ್ತಾನೆ, ಕ್ಲಚ್ಚಿನ ಹಿಡಿ ಅವನ ಕೈಗಾಡಿಯಲ್ಲಿ ಹೋಗುತ್ತದೆ, ಅಪ್ಪ ಇನ್ನೊಂದು ಮಾತು ಕೊಡುವಷ್ಟು ದಡ್ಡರಲ್ಲ. ಅಜ್ಜ ಆ ಸಂಜೆ ಊಟ ಮಾಡಲಿಲ್ಲ. ಅದಂತೂ ನನ್ನ ದುಃಖವನ್ನು ಇನ್ನಷ್ಟು ಹೆಚ್ಚಿಸಿತು, ಯಾಕೆಂದರೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಶನಿವಾರ ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ನಮ್ಮ ಸಪ್ಲಾಯರ್ ಹಿತ್ತಲಿಗೆ ಬಂದರು. ನಲವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಎಂಟು ಟೇಬಲ್ಲಿನ ಆರ್ಡರನ್ನು ಒಂದಕ್ಷರ ಬರೆಯದೆ ತಲೆಯಲ್ಲಿಟ್ಟುಕೊಂಡು, ಅಡುಗೆಮನೆಯ ಕಿಂಡಿಯಲ್ಲಿ ಒಂದೇ ಉಸಿರಿಗೆ ಕೂಗುವುದು ಅವರ ಕಸುಬು. ಯಾರು ಏನು ತಿಂದರು ಎಂದು ಸಂಜೆ ಕೇಳಿದರೂ ಹೇಳುತ್ತಿದ್ದರು.

"ನಿನ್ನೆ ಮಿಸ್ತ್ರಿಯವರಿಗೆ ಮೂರು ಸಲ ಚಾ ತಂದಿದ್ದೆ" ಎಂದು ನನಗೆ ಹೇಳಿದರು. "ಪೇಪರಿನ ಮೇಲೆ ಸಾಲಾಗಿ ಇಟ್ಟದ್ದು ನೋಡಿದ್ದೇನೆ. ಹೆಸರು ನನಗೆ ಗೊತ್ತಿಲ್ಲ. ನನ್ನ ಹೆಸರಿನಲ್ಲಿ ಹೇಳಿದರೆ ಆಗ್ತದಾ?"

ಮತ್ತೊಮ್ಮೆ ಜೋಡಿಸಿ ನೋಡಲು ಬಂದಿದ್ದ ಮಿಸ್ತ್ರಿ ಬೀಡಿ ಆರಿಸಿ ಹತ್ತಿರ ಬಂದು ಕುಳಿತರು. ಸಪ್ಲಾಯರ್ ಹೆಗಲ ಮೇಲಿನ ಬಟ್ಟೆ ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಕಿಂಡಿಯ ಎದುರು ನಿಂತಂತೆ ನಿಂತು ಶುರು ಮಾಡಿದರು.

"ಗೋಡೆ ಬದಿಯಿಂದ. ಒಂದು ದೊಡ್ಡ ಚಕ್ಕುಲಿ. ಎರಡು ಹಪ್ಪಳ. ಒಂದು ಕೋಡುಬಳೆ. ಸಣ್ಣ ಚಕ್ಕುಲಿ ಒಂದು, ಅದರ ಕೋಡು ಅಡುಗೆಮನೆ ಬದಿಗೆ. ಒಂದು ಉದ್ದಿನ ವಡೆ..."

"ಕೋಡುಬಳಿ ಅಂದ್ರ ಯಾವುದು ಬೇಟಿ?" ಎಂದು ಮಿಸ್ತ್ರಿ ನನ್ನನ್ನು ಕೇಳಿದರು. ನಾನು ಬಟ್ಟಲಿನಿಂದ ಹಿತ್ತಾಳೆಯ ಬಳೆ ತೆಗೆದು ಕೊಟ್ಟೆ. ಚಕ್ಕುಲಿಯೆಂದರೆ ಹಲ್ಲಿನ ಚಕ್ರ, ಹಪ್ಪಳವೆಂದರೆ ತೆಳು ವಾಷರು, ಉದ್ದಿನ ವಡೆಯೆಂದರೆ ದಪ್ಪನೆಯದು, ನಡುವೆ ತೂತು. ಮಿಸ್ತ್ರಿ ಹೊಸ ಪೇಪರು ಹಾಸಿ ಒಂದೊಂದಾಗಿ ಇಡುತ್ತಾ ಬಂದರು. ಒಂದು ಕಡೆ ಅವರು ತಡೆದು, "ಇಲ್ಲೆ ವಡಿ ಬರಂಗಿಲ್ಲಲ್ರೀ, ಹಪ್ಪಳ ಇರಬೇಕು" ಎಂದರು. ಸಪ್ಲಾಯರ್ ಕಣ್ಣು ತೆರೆಯದೆ, "ವಡೆಯೇ. ಅದರ ಅಂಚಿನಲ್ಲಿ ಸ್ವಲ್ಪ ಮುರಿದಿತ್ತು" ಎಂದರು. ನಾನು ಬಟ್ಟಲು ಕೆದಕಿದೆ. ಅಂಚು ಮುರಿದ ದಪ್ಪ ವಾಷರು ಅಲ್ಲಿತ್ತು. ಮಿಸ್ತ್ರಿ ಅದನ್ನು ಇಟ್ಟು, ಬೆರಳಲ್ಲಿ ಅಳೆದು, ಮುಂದಿನದಕ್ಕೆ ಕೈ ಚಾಚಿದರು.

ಸಾಲು ಮುಗಿದಾಗ ಬಟ್ಟಲಿನಲ್ಲಿ ಒಂದು ವಾಷರು ಉಳಿಯಿತು. ನಾನು ಅದನ್ನು ಎತ್ತಿ ಹಿಡಿದೆ. ಸಪ್ಲಾಯರ್ ಕಣ್ಣು ತೆರೆದು ಅದನ್ನು ನೋಡಿ, "ಇದು ಪೇಪರಿನ ಮೇಲೆ ಇರಲಿಲ್ಲ. ಇದು ನಮ್ಮದು" ಎಂದರು. ಒಳಗಿನಿಂದ ಭಟ್ಟರು ಓಡಿ ಬಂದರು. ಅವರ ಪಂಪ್ ಸ್ಟೋವಿನ ವಾಷರಂತೆ, ನಿನ್ನೆಯಿಂದ ಹುಡುಕುತ್ತಿದ್ದರಂತೆ. ಅಜ್ಜ ಅದನ್ನೂ ತೊಳೆದಿಟ್ಟಿದ್ದರು.

ದೀಪ ಹಚ್ಚುವ ಹೊತ್ತಿಗೆ ಗೇರ್‌ಬಾಕ್ಸು ಮುಚ್ಚಿತು. ಮಿಸ್ತ್ರಿ ಹಿಂದಿನ ಚಕ್ರ ಎತ್ತಿ ನಿಲ್ಲಿಸಿ, ಕೈಯಿಂದ ತಿರುಗಿಸುತ್ತಾ ಲಿವರು ಒತ್ತಿದರು. ಫಸ್ಟು, ಸೆಕೆಂಡು, ಥರ್ಡು, ಟಾಪು. ಒಂದೊಂದೂ ಟಕ್ ಎಂದು ಕೂತಿತು, ಸೆಕೆಂಡೂ ಕೂತಲ್ಲೇ ಕೂತಿತು. ಸಪ್ಲಾಯರ್ ಅಷ್ಟರಲ್ಲಿ ಆರನೇ ಟೇಬಲ್ಲಿಗೆ ಹೋಗಿದ್ದರು. ಅಜ್ಜ ಅವತ್ತು ಎರಡು ಸಲ ಊಟ ಮಾಡಿದರು. ಮಿಸ್ತ್ರಿ ತಮ್ಮ ಚೀಲದಲ್ಲಿದ್ದ ನಟ್ಟು ತಿರುಗಿಸುವ ಪಾನಾಗಳನ್ನೆಲ್ಲ ಅವರ ಮುಂದೆ ಸುರಿದು, "ಇವನ್ನೂ ಒಂದಿಷ್ಟು ತಿಕ್ಕಿ ಕೊಡ್ರಿ ಅಜ್ಜಾರ, ಇವಕ್ಕ ಸಾಲು ಬೇಕಾಗಿಲ್ಲ" ಎಂದರು.

ಭಾನುವಾರ ಬೆಳಿಗ್ಗೆ ಅಪ್ಪ ಗಲ್ಲಾದ ಹಿಂದೆ ಬಹಳ ಹೊತ್ತು ದೇವರ ಪಟಕ್ಕೆ ಹೂವು ಏರಿಸಿದರು. ಅಷ್ಟು ಹೂವು ಅವರು ಹಬ್ಬದಲ್ಲೂ ಏರಿಸಿದವರಲ್ಲ. ಭಂಗಾರದವನು ಬಂದು, ನಮ್ಮ ಗಾಡಿ ಸದ್ದು ಮಾಡುವುದನ್ನು ಕೇಳಿ, ಒಂದು ಚಾ ಕುಡಿದು ವಾಪಸು ಹೋದ. ಭಟ್ಟರು ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು.

"ಅವಳಿಗೆ ಲೈಸನ್ಸು ಇಲ್ಲ" ಎಂದರು ಅಪ್ಪ, ಯಾರ ಮುಖವನ್ನೂ ನೋಡದೆ.

"ಉಪ್ಪಿನ ಗದ್ದೆಯ ರಸ್ತೆಯಲ್ಲಿ ಲೈಸನ್ಸು ಕೇಳಲಿಕ್ಕೆ ಕೊಕ್ಕರೆ ಬರ್ತದಾ?" ಎಂದಳು ಅಮ್ಮ. ಅವಳು ಹೊರಗೆ ಬಂದದ್ದು ನಾನು ನೋಡಿರಲಿಲ್ಲ. ನನ್ನ ಬೆಲ್ ಬಾಟಮ್ ಚೈನಿಗೆ ಸಿಕ್ಕಬಾರದೆಂದು, ಕೆಳಗೆ ಕೂತು, ನನ್ನ ಹಳೆಯ ಜಡೆಯ ರಿಬ್ಬನ್ನುಗಳಿಂದ ಎರಡೂ ಕಾಲಿಗೆ ಬಿಗಿಯಾಗಿ ಕಟ್ಟಿದಳು. "ಮಾತು ಕೊಡ್ಲಿಕ್ಕೆ ಇವರಿಗೆ ಯಾರು ಹೇಳಿದ್ದು" ಎಂದು ಗೊಣಗಿದಳು, ಆದರೆ ಗಂಟು ಎರಡೆರಡು ಸಲ ಹಾಕಿದಳು.

ವಡಾಲಾದ ಕಡೆಯ ಉಪ್ಪಿನ ಗದ್ದೆಗಳವರೆಗೆ ಮಿಸ್ತ್ರಿಯೇ ಗಾಡಿ ಒಯ್ದರು. ನಾನೂ ಅಪ್ಪನೂ ಮಾತಿಲ್ಲದೆ ನಡೆದು ಹೋದೆವು. ಅಲ್ಲಿನ ರಸ್ತೆ ನೇರ, ಜನವಿಲ್ಲ. ನಾನು ಹತ್ತಿ ಕೂತೆ. ಅಪ್ಪ ಪಂಚೆ ಎತ್ತಿ ಕಟ್ಟಿ ನನ್ನ ಹಿಂದೆ ಕೂತರು, ಕ್ಯಾರಿಯರನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಇಪ್ಪತ್ತು ವರ್ಷದ ತಮ್ಮ ಗಾಡಿಯಲ್ಲಿ ಅವರು ಹಿಂದೆ ಕೂತದ್ದು ಅದೇ ಮೊದಲು.

ಮೂರನೆಯ ಕಿಕ್ಕಿಗೆ ಎಂಜಿನ್ನು ಹತ್ತಿತು. ಕ್ಲಚ್ಚಿನ ಹಿಡಿಗೆ ನನ್ನ ಎಡಗೈ ಹೋಯಿತು. ಒಂದೇ ಕೈ ಸಾಕಾಯಿತು. ಅಷ್ಟರಲ್ಲಿ ಕಿವಿಯ ಹತ್ತಿರ ಹಳೆಯ ದನಿ ಕೇಳಿಸಿತು.

"ಹಿಡಿ" ಎಂದರು ಅಪ್ಪ.

ಹಿಡಿದೇ ಇದ್ದೆ, ಆದರೂ ಹೇಳಲಿಲ್ಲ. ಗೇರು ಹಾಕಿದೆ. "ಬಿಡು" ಎಂದರು. ಬಿಟ್ಟೆ. ಗಾಡಿ ಒಮ್ಮೆ ಎಗರಿ, ಸಾವರಿಸಿಕೊಂಡು ಹೊರಟಿತು. ಏಳು ವರ್ಷದ ಸಿಟ್ಟು ಅಲ್ಲೇ ಎಲ್ಲೋ ಬಿದ್ದುಹೋಯಿತು, ಹುಡುಕಲು ನನಗೆ ಪುರುಸೊತ್ತಿರಲಿಲ್ಲ. ಮತ್ತೆ "ಹಿಡಿ", ಸೆಕೆಂಡ್ ಗೇರು, "ಬಿಡು". ಆಗ ಅವರ ಬಲಮೊಣಕಾಲು ನನ್ನ ಕಾಲಿಗೆ ಒತ್ತಿತು. ನನಗೆ ಗೊತ್ತಾಯಿತು, ಹಿಂದೆ ಕೂತಲ್ಲಿಂದಲೇ ಚಪ್ಪಲಿಯ ತುದಿಯಿಂದ ಇಲ್ಲದ ಲಿವರನ್ನು ಒತ್ತಿ ಹಿಡಿಯುತ್ತಿದ್ದಾರೆ.

"ಹಾರುದಿಲ್ಲವಾ?" ಎಂದು ಕೇಳಿದರು.

"ಇಲ್ಲಪ್ಪ. ಕಾಲು ತೆಗೀರಿ."

ಮೊಣಕಾಲು ಮೆಲ್ಲಗೆ ಹಿಂದೆ ಸರಿಯಿತು. ಎರಡೂ ಬದಿಗೆ ಉಪ್ಪಿನ ರಾಶಿಗಳು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ರಸ್ತೆಯ ಕೊನೆಯಲ್ಲಿ ತಿರುಗಿಸಿ, ಮತ್ತೆ ಫಸ್ಟಿನಿಂದ ಶುರು ಮಾಡಿದೆ. ಅಪ್ಪ ಏನೂ ಹೇಳಲಿಲ್ಲ. ಸೆಕೆಂಡಿಗೂ ಹೇಳಲಿಲ್ಲ. ಥರ್ಡಿಗೆ ಹಾಕುವಾಗ ಅವರು ಕ್ಯಾರಿಯರು ಬಿಟ್ಟು ನನ್ನ ಹೆಗಲ ಮೇಲೆ ಒಂದು ಕೈ ಇಟ್ಟರು. ಆಮೇಲೆ ಗಾಡಿಯನ್ನು ಮಿಸ್ತ್ರಿಗೆ ಕೊಟ್ಟು ನಡೆದು ಬರುವಾಗ, ಹೊಸ ರುಬ್ಬುವ ಕಲ್ಲನ್ನು ಹಿತ್ತಲು ಬಿಟ್ಟು ಇನ್ನೆಲ್ಲಿಡಬಹುದು, ದಾದರಿನಲ್ಲಿ ಈಗ ಸೌತೆ ಯಾರ ಹತ್ತಿರ ಚೆನ್ನಾಗಿರುತ್ತದೆ, ಎರಡು ಚೀಲ ಹಾಕಿದರೆ ಹಿಂದೆ ಕೂರಲು ತಮಗೆ ಜಾಗ ಸಾಲುತ್ತದೋ ಇಲ್ಲವೋ ಎಂದು ಹೋಟೆಲು ಮುಟ್ಟುವವರೆಗೂ ಮಾತಾಡುತ್ತಲೇ ಇದ್ದರು.